ಹಕ್ಕಳೆ ಉದುರುವ ತನಕ

ಗೂಳಪ್ಪ ಮೊದಲ ಸಲ ಊರು ಬಿಟ್ಟದ್ದು ಒಂದು ಸೋಮವಾರ. ಎತ್ತಿನ ಹೆಗಲಿಗೆ ನೊಗ ಇಡದ ದಿನ. ಎತ್ತಿಗಿರುವ ಬಿಡುವು ತನಗೇಕಿಲ್ಲ ಅಂದುಕೊಂಡು ನಡೆದವನು ತಿರುಗಿ ನೋಡಲಿಲ್ಲ. ಆಮೇಲೆ ಎಷ್ಟೋ ಮಠಗಳ ಅನ್ನ ಉಂಡ. ಎಲ್ಲೂ ಹಾಸಿಗೆ ಬೆಚ್ಚಗಾಗುವಷ್ಟು ದಿನ ನಿಲ್ಲಲಿಲ್ಲ. ಹೊಳೆದಂಡೆಯ ಮಠದ ಅಜ್ಜನ ಹತ್ತಿರ ಮಾತ್ರ, ಅದು ಹೇಗೋ, ಕಾಲು ನಿಂತಿತು.

ಅಜ್ಜನ ಮುಖದ ತುಂಬ ಸಿಡುಬಿನ ಹಳೆಯ ಕಲೆ.

ಆ ಬೇಸಿಗೆ ಹೊಳೆಯಾಚೆಯ ಊರಲ್ಲಿ ಸಿಡುಬು ಕಾಣಿಸಿಕೊಂಡಿತು. ಗೂಳಪ್ಪನ ಅಕ್ಕ ತಿಪ್ಪವ್ವ ಅಲ್ಲಿದ್ದಳು. ಗಂಡ ಸತ್ತವಳು, ಮಡಿಲಲ್ಲಿ ಪುಟ್ಟ ಮಗಳು. ಅವರಿಗೇನಾದರೂ ಆದರೆ ನೋಡುವವರಿಲ್ಲ.

"ಅಜ್ಜಾ, ನಾ ಅಲ್ಲಿಗೆ ಹೋಗ್ತೀನ್ರಿ."

"ನಿನಗ ಒಮ್ಮೆ ಬಂದು ಹೋಗೇದೇನು?"

"ಇಲ್ರಿ. ನೆಗಡಿ ಸೈತ ಬಂದಿಲ್ಲ. ಕಲ್ಲಿನಂಥ ಮೈ."

"ಕುಸ್ತಿನೇ ಆಡದವ, ನಾ ಯಾರಿಗೂ ಸೋತಿಲ್ಲ ಅಂದಂಗಾತು."

ಗೂಳಪ್ಪ ಕಾಲಿಗೆ ಬಿದ್ದ. "ಹಂಗಾರ ನಿಮ್ಮ ಮೈಯಾಗಿನ ಬಲ ಚೂರು ನನಗ ಕೊಡ್ರಿ."

"ನಿಮ್ಮವ್ವ ಕೊಟ್ಟಿದ್ಲು. ಹೊಟ್ಟ್ಯಾಗಿದ್ದಾಗೂ ಕೊಟ್ಲು, ಹಾಲು ಕುಡಿಸುವಾಗೂ ಕೊಟ್ಲು. ಎಲ್ಲೈತಿ ಅದು ಈಗ?"

ಗೂಳಪ್ಪ ತನ್ನ ಮೈ ಮುಟ್ಟಿ ನೋಡಿಕೊಂಡ.

"ಕೊಟ್ಟದ್ದು ಕರಗ್ತದ. ನಿನ್ನದು ನೀನೇ ಮಾಡ್ಕೋಬೇಕು."

ಮರುದಿನ ಅಜ್ಜ ದೇವಿ ಹಾಕುವ ಹುಸೇನಸಾಬನನ್ನು ಕರೆಸಿದ. ಊರೂರು ತಿರುಗಿ ಸಿಡುಬು ತಡೆಯಲು ತೋಳು ಗೀರುವುದು ಅವನ ಕಸುಬು. ಗೂಳಪ್ಪನ ತೋಳು ಗೀರಿ, ಗೀರಿದಲ್ಲಿ ಒಂದಿಷ್ಟು ಕೀವು ಹಚ್ಚಿದ.

"ಇದೇನೋ ಸಾಬಣ್ಣಾ?"

"ಆಕಳಿಗೆ ಬರೋ ಸಿಡುಬು. ಸಾಧು ಜಾತಿದು. ನಿನ್ನ ಮೈ ಇದರ ಜೋಡಿ ಗುದ್ದಾಡಿ ಪಟ್ಟು ಕಲೀತದ. ಮುಂದ ದೊಡ್ಡದು ಬಂದ್ರ ಬಾಗಿಲಾಗ ಕೆಡವ್ತದ. ಮುಟ್ಟಬ್ಯಾಡ, ಒರಸಬ್ಯಾಡ."

ಗೂಳಪ್ಪ ಹೂಂ ಅಂದ. ಸಾಬಣ್ಣ ಅತ್ತ ಹೋದದ್ದೇ, ಇವನು ಇತ್ತ ಕೊಟ್ಟಿಗೆಯ ಹಿಂದೆ ಹೋಗಿ ಧೋತರದ ಸೆರಗಿನಿಂದ ತೋಳು ಒರಸಿಕೊಂಡ. ಬೆಳಿಗ್ಗೆ ಅಜ್ಜ ಕೊಟ್ಟಿದ್ದ ವಿಭೂತಿಯನ್ನು ಗಾಯಕ್ಕೆ ಮೆತ್ತಿದ. ಆಕಳ ಕೀವು ದೊಡ್ಡದೋ, ಗುರುವಿನ ವಿಭೂತಿ ದೊಡ್ಡದೋ? ಅವನಿಗೆ ಅನುಮಾನವೇ ಇರಲಿಲ್ಲ.

ವಾರ ಕಳೆದಿರಬಹುದು. ಅಂಬಿಗ ದೋಣಿಯಿಂದಲೇ ಕೂಗಿದ: "ಗೂಳಪ್ಪಾ, ನಿಮ್ಮಕ್ಕಗ ಬೊಕ್ಕಿ ಎದ್ದಾವೋ! ಬಾಗಿಲಿಗೆ ಬೇವಿನ ತಪ್ಪಲ ಕಟ್ಟ್ಯಾರ. ನೀರು ಕೊಡಾಕೂ ಒಬ್ರು ಒಳಗ ಹೋಗವಲ್ರು!"

ಗೂಳಪ್ಪ ದೋಣಿಗೆ ಓಡಿದ. ಅಜ್ಜ ಅವನ ತೋಳು ಹಿಡಿದು ಅಂಗಿ ಮೇಲೆತ್ತಿದ. ತೋಳು ನುಣ್ಣಗಿತ್ತು.

"ಬೊಕ್ಕಿ ಎಲ್ಲಿ?"

"ಒರಸಿದೆ ಅಜ್ಜಾ. ನಿಮ್ಮ ವಿಭೂತಿ ಹಚ್ಚಿದೆ. ಅದಕ್ಕಿಂತ ದೊಡ್ಡದು ಏನೈತ್ರಿ?"

ಅಜ್ಜ ಬೈಯಲಿಲ್ಲ. ಒಳಗೆ ಹೋಗಿ ತನ್ನ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದ.

"ನೀವೆಲ್ಲಿಗ್ರಿ?"

"ನಿಮ್ಮಕ್ಕನ ಹಂತ್ಯಾಕ."

"ಈ ವಯಸ್ಸಿನಾಗ? ನಿಮಗ ಹತ್ತಿದ್ರ?"

"ನನ್ನ ಮೈ ಅದನ್ನ ಸಣ್ಣಂದಿರತನಾಗ ನೋಡೇದ. ನೋಡಿದ ವೈರಿನ ಅದು ಮರೆಯೂದಿಲ್ಲ. ನೀ ಮತ್ತ ಸಾಬಣ್ಣನ ಕಡೆ ಹೋಗು."

ದೋಣಿ ಅಜ್ಜನನ್ನು ಕೂರಿಸಿಕೊಂಡು ಹೋಯಿತು.

ಈ ಸಲ ಗೂಳಪ್ಪ ತೋಳಿಗೆ ನೊಣ ಕೂರಲೂ ಬಿಡಲಿಲ್ಲ. ಬೊಕ್ಕೆ ಎದ್ದಿತು, ತುಂಬಿತು. ಕಂಕುಳಲ್ಲಿ ಗಂಟು ಕಟ್ಟಿತು, ಜ್ವರ ಕಾಯಿತು. ನರಳುತ್ತಲೇ ದಂಡೆಗೆ ಹೋಗಿ ಆಚೆ ನೋಡುತ್ತ ಕೂರುವನು. ಕಂಡ ಕಂಡಲ್ಲಿಗೆ ನಡೆದು ಹೋಗುತ್ತಿದ್ದ ಕಾಲು, ಹೋಗಲೇಬೇಕಾದ ಕಡೆಗೆ ಹೋಗುವಂತಿರಲಿಲ್ಲ. "ಲಗೂ ಕಲಿಯಲೇ, ಲಗೂ," ಅಂತ ತನ್ನ ತೋಳನ್ನೇ ಬೈಯುವನು. ತೋಳು ತನ್ನ ಪಾಡಿಗೆ ತಾನಿತ್ತು. ಬೊಕ್ಕೆ ಒಣಗಿ, ಕಪ್ಪಗಾಗಿ, ಕೊನೆಗೆ ಹಕ್ಕಳೆ ಉದುರಿತು.

ಅಜ್ಜ ಬಂದ. ಅರ್ಧ ಆಗಿದ್ದ.

"ಅಕ್ಕ?"

"ಎದ್ದು ಕುಂತಾಳ. ಗಂಜಿ ಕುಡೀತಾಳ. ಒಂದು ಕಣ್ಣು ಹೋತು."

ಗೂಳಪ್ಪ ತೋಳಿನ ಕಲೆ ಸವರಿಕೊಂಡ.

"ಮೊದಲೇ ಒರಸದಿದ್ರ, ನಾ ಹೋಗಿದ್ರ, ಕಣ್ಣು ಉಳೀತಿತ್ತೇನ್ರಿ?"

"ಗೊತ್ತಿಲ್ಲಪಾ. ಈಗ ಕೂಸಿಗೆ ಎದ್ದಾವ. ನಿಮ್ಮಕ್ಕಗ ಇನ್ನೂ ನಿಲ್ಲಾಕ ಶಕ್ತಿ ಇಲ್ಲ. ನನ್ನ ಕೈಲೆ ಇನ್ನ ಆಗೂದಿಲ್ಲ."

ಗೂಳಪ್ಪ ಎದ್ದ. ಇನ್ನೊಂದು ಧೋತರ ಮಡಚಿದ. ಗಂಜಿಗೆ ನವಣೆ ಕಟ್ಟಿಕೊಂಡ. ಗಂಟು ಹಾಕಹೋದರೆ ಬಟ್ಟೆ ಮತ್ತೆ ಮತ್ತೆ ಜಾರಿತು.

"ಅಜ್ಜಾ, ಇಷ್ಟೆಲ್ಲಾ ಆದ್ರೂ ಹೆದರಿಕಿ ಹೋಗವಲ್ದು."

ಅಜ್ಜ ಬಗ್ಗಿ ತಾನೇ ಗಂಟು ಬಿಗಿದ. ಅದನ್ನೆತ್ತಿ ಗೂಳಪ್ಪನ ಹೆಗಲಿಗೇರಿಸಿದ.

"ಹೆದರಿಕಿ ನಿಂದು. ಮೈ ಕಲ್ತಾಗೇದ. ಅದನ್ನ ಮುಂದ ಬಿಟ್ಟು ನೀ ಹಿಂದ ನಡಿ."