ತಟ್ಟೆಗೆ ಬಿದ್ದ ಎರಡು ಸ್ಪೀಕರುಗಳು

ಶ್ರೀಕಂಠಯ್ಯನವರ ಮೊಬೈಲಿನಲ್ಲಿ ಕಿವಿಗಿಟ್ಟು ಕೇಳುವ ಸ್ಪೀಕರ್ ಮೂಕವಾಯಿತು. ಅವರು ಹೊಸದನ್ನು ತರಿಸಿ, ಮನೆಯಲ್ಲೇ ಮೊಬೈಲು ಬಿಚ್ಚಿ, ಹಳೆಯದನ್ನು ಚಿಮುಟದಿಂದ ಎತ್ತಿ ತಟ್ಟೆಗೆ ಹಾಕಿದರು.

"ಏನಜ್ಜ, ಗಂಟಲು ಕಟ್ಟಿತೋ? ಇನ್ನು ಕಸದ ಬುಟ್ಟಿಯೇ ಗತಿ," ಎಂದು ಹೊಸ ಸ್ಪೀಕರ್ ನಕ್ಕಿತು.

"ನಾನು ಕೂಗುತ್ತಲೇ ಇದ್ದೆನಪ್ಪ. ಆಚೆ ಯಾರಿಗೂ ಕೇಳಿಸಲಿಲ್ಲ," ಎಂದಿತು ಹಳೆಯದು.

ಹೊಸದು ಗತ್ತಿನಿಂದ ಹೋಗಿ ಆ ಜಾಗದಲ್ಲಿ ಕೂತಿತು. ಕರೆ ಬಂದಾಗ ಶಕ್ತಿಮೀರಿ ಕೂಗಿತು.

"ಇದೂ ಮೂಕವೇ!" ಎಂದು ಶ್ರೀಕಂಠಯ್ಯನವರು ಅದನ್ನೂ ಕಿತ್ತು ತಟ್ಟೆಗೆ ಹಾಕಿದರು.

"ಅಜ್ಜ, ನಾನು ಕೂಗಿದೆ, ದೇವರಾಣೆ!" ಎಂದು ಹೊಸದು ಅತ್ತಿತು.

"ನನಗೆ ಕೇಳಿಸಿತು ಮಗು, ಚೆನ್ನಾಗಿಯೇ ಕೂಗಿದೆ. ಅಳಬೇಡ, ಭಗವಂತ ಬಲ್ಲ."

ಅಷ್ಟರಲ್ಲಿ ಅವರ ಹೆಂಡತಿ ಅನಸೂಯಮ್ಮ ಮೊಬೈಲನ್ನು ಬೆಳಕಿಗೆ ಹಿಡಿದರು. "ರೀ, ಆಯುಧಪೂಜೆಯಲ್ಲಿ ನೀವು ಇಟ್ಟ ಕುಂಕುಮ ಸ್ಪೀಕರಿನ ಜಾಲರಿ ತುಂಬ ಮೆತ್ತಿಕೊಂಡಿದೆಯಲ್ಲ! ಪಾಪ, ಅದೇನು ಮಾಡೀತು?" ಎಂದು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ತೆಗೆದರು.

ಚಿಮುಟ ಮತ್ತೆ ತಟ್ಟೆಗೆ ಬಂತು. ಹೊಸದು ಮೆಲ್ಲನೆ ಹಿಂದೆ ಸರಿದು ಅಜ್ಜನನ್ನು ಮುಂದೆ ಮಾಡಿತು.

ಮೊಬೈಲು ಮುಚ್ಚಿದೊಡನೆ ಕರೆ ಬಂತು. ಅಜ್ಜನ ದನಿ ಸ್ಪಷ್ಟವಾಗಿ ಕೇಳಿಸಿತು.

"ಭಗವಂತಾ, ನೀನು ಅಜ್ಜನ ಮಾನ ಉಳಿಸಿದೆ," ಎಂದು ತಟ್ಟೆಯಲ್ಲಿದ್ದ ಹೊಸದು ಸಂತೋಷಪಟ್ಟಿತು.