ನಂಬರು ಅಂಟಿಸಿಕೊಂಡ ಅರಸ

ಒಂದಾನೊಂದು ಊರಿನಲ್ಲಿ, ಅದು ಎಲ್ಲಿದೆ ಅಂತ ಮಾತ್ರ ಕೇಳಬೇಡಿ, ಕೇಳಿದರೆ ಊರು ನಾಚಿಕೊಂಡು ಬೇರೆ ಕಡೆ ಹೋಗಿಬಿಡುತ್ತದೆ, ಗುಂಡಭೂಪ ಅಂತ ಒಬ್ಬ ಅರಸನಿದ್ದ. ಅವನ ರಾಜ್ಯದಲ್ಲಿ ಒಂದು ದೊಡ್ಡ ಪುಸ್ತಕದ ಮನೆ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದ ರಾಜ್ಯ ಗ್ರಂಥಪಾಲಕಿಯ ಹೆಸರು ದೇವೀರಮ್ಮ.

ದೇವೀರಮ್ಮನ ಕೆಲಸಕ್ಕೆ ಕಟ್ಟಳೆಗಳಿದ್ದವು. ಏಳು ದಿನ ಆ ಮನೆಯೊಳಗೆ ಉಳಿದದ್ದು ಏನೇ ಆಗಲಿ, ಅದಕ್ಕೆ ನಂಬರು ಅಂಟಿಸಿ ಕಪಾಟಿನಲ್ಲಿ ಇಡಬೇಕು. ಯಾರು ಬಂದು ಕೇಳಿದರೂ ಹದಿನೈದು ದಿನಕ್ಕೆ ಎರವಲು ಕೊಡಬೇಕು. ಯಾಕೆ ಬೇಕು ಅಂತ ಕೇಳಕೂಡದು. ಒಬ್ಬರೇ ಒಬ್ಬರು ಬರಿಗೈಲಿ ವಾಪಸು ಹೋದರೂ ಅವತ್ತೇ ಬಾಗಿಲಿಗೆ ಬೀಗ. ಬೀಗ ಬಿದ್ದರೆ ಪುಸ್ತಕಗಳೆಲ್ಲ ಕಡಲೆಕಾಯಿ ಪೊಟ್ಟಣ. ಇಷ್ಟಕ್ಕೂ ಅರಸನೇ ಸಹಿ ಹಾಕಿದ್ದ, ಚಕ್ಕುಲಿ ತಿನ್ನುತ್ತಾ, ಓದದೆ.

ಈ ಗುಂಡಭೂಪನಿಗೆ ಒಂದು ಚಿಂತೆ ಹತ್ತಿತು. ಆಕಳಿಕೆ ಒಬ್ಬರಿಂದ ಒಬ್ಬರಿಗೆ ಬರುತ್ತದಲ್ಲ, ಹಾಗಾದರೆ ಮೊದಲು ಆಕಳಿಸಿದವರು ಯಾರು? ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ. ಎದ್ದವನೇ ಪುಸ್ತಕದ ಮನೆಗೆ ಹೋದ. ದೇವೀರಮ್ಮ ಬಾಯಿಗೆ ಸಂಬಂಧಪಟ್ಟ ಕಪಾಟು ತೋರಿಸಿದಳು. ಅರಸ ಕೂತು ಓದಿದ. ಒಂದು ದಿನ ಓದಿದ, ಎರಡು ದಿನ ಓದಿದ, ಏಳು ದಿನ ಓದಿದ. ಎಂಟನೇ ದಿನ ದೇವೀರಮ್ಮ ಗೋಂದು ತಂದು ಅವನ ಪೇಟಕ್ಕೆ ನಂಬರು ಅಂಟಿಸಿದಳು. ಕೈ ಹಿಡಿದು ಕರೆದುಕೊಂಡು ಹೋಗಿ 'ಗುಂಡಗಿನ ಕಲ್ಲುಗಳು' ಮತ್ತು 'ಗುಂಡಿ ಹೊಲಿಯುವ ಕ್ರಮ' ಇವೆರಡರ ನಡುವೆ ಕೂರಿಸಿದಳು.

ಗುಂಡಿ ಪುಸ್ತಕ ಸಿಡುಕಿನದು. ಸ್ವಲ್ಪ ಸರಿದು ಕೂರಬೇಕು, ತನಗೆ ರಟ್ಟು ನೋಯುತ್ತದೆ ಅಂದಿತು. ಅರಸ ಸರಿದು ಕೂತ.

ಮಂತ್ರಿ ಓಡಿ ಬಂದ. ಅರಸನನ್ನು ಕೊಡು ಅಂದ. ಕಾರ್ಡು ತೋರಿಸಿ ತೆಗೆದುಕೊಂಡು ಹೋಗಿ ಅಂದಳು ದೇವೀರಮ್ಮ. ಮಂತ್ರಿಯ ಕಾರ್ಡು ರದ್ದಾಗಿತ್ತು. ಇಪ್ಪತ್ತು ವರ್ಷದ ಹಿಂದೆ ಒಯ್ದ ಪುಸ್ತಕ ಅವನ ಮಂಚದ ಕಾಲಿನ ಕೆಳಗಿತ್ತು. ಅದನ್ನು ತೆಗೆದರೆ ಮಂಚ ವಾಲುತ್ತದೆ. ವಾಲುವ ಮಂಚವೋ ಅರಸನೋ ಅಂತ ಯೋಚಿಸಲು ಮನೆಗೆ ಹೋದ ಮಂತ್ರಿ ಮಂಚದ ಮೇಲೇ ಮಲಗಿಬಿಟ್ಟ.

ಅರಸನನ್ನು ಮೊದಲು ಎರವಲು ಒಯ್ದವಳು ಮಡಕೆ ಮಾಡುವ ನಿಂಗಕ್ಕ. ಒಯ್ದ ಎರಡನೇ ದಿನಕ್ಕೇ ವಾಪಸು ತಂದಳು.

"ಇದ್ರೊಳಗೆ ಏನೂ ಇಲ್ಲ ಕಣವ್ವ. ಮಣ್ಣು ಎಷ್ಟು ಹೊತ್ತು ತುಳೀಬೇಕು ಅಂದ್ರೆ ಮಂತ್ರೀನ ಕೇಳು ಅಂತದೆ. ಸಾರಿಗೆ ಉಪ್ಪು ಎಷ್ಟು ಅಂದ್ರೂ ಮಂತ್ರೀನ ಕೇಳು ಅಂತದೆ."

"ಮೊದಲ ನಾಕು ಹಾಳೆ ಖಾಲಿನೇ ಇರ್ತವೆ ನಿಂಗಕ್ಕ," ಅಂದಳು ದೇವೀರಮ್ಮ. "ಇನ್ನೊಂದಷ್ಟು ತಿರುವಿ ನೋಡು."

ನಿಂಗಕ್ಕ ಗೊಣಗುತ್ತಾ ಮತ್ತೆ ಕರೆದುಕೊಂಡು ಹೋದಳು. ಈ ಸಲ ಅರಸನೇ ಕೇಳಿದ, ನಿನಗೆ ಆಕಳಿಕೆ ಯಾರಿಂದ ಬಂತು ಅಂತ. ನೇಕಾರನಿಂದ ಅಂದಳು ನಿಂಗಕ್ಕ. ಮಾತಾಡುತ್ತಾ ಮಾತಾಡುತ್ತಾ ಅರಸ ಮಣ್ಣು ತುಳಿಯುವುದನ್ನು ಕಲಿತ. ಆಮೇಲೆ ನೇಕಾರ ಒಯ್ದ. ಅವನಿಗೆ ಆಕಳಿಕೆ ಬಂದದ್ದು ಅಂಬಿಗನಿಂದ. ಅಂಬಿಗನಿಗೆ ಸೂಲಗಿತ್ತಿಯಿಂದ. ಸೂಲಗಿತ್ತಿಗೆ ಅರಮನೆ ಕಾವಲುಗಾರನಿಂದ. ಕಾವಲುಗಾರ ತಲೆ ಕೆರೆದುಕೊಂಡು, ನಿಮ್ಮಿಂದಲೇ ಬುದ್ಧೀ, ಒಡ್ಡೋಲಗದಲ್ಲಿ ಪ್ರಜೆಗಳು ಕಷ್ಟ ಹೇಳಿಕೊಳ್ಳುವಾಗ, ಅಂದ.

ಅರಸನಿಗೆ ನಾಚಿಕೆಯೂ ಆಯಿತು, ಉತ್ತರ ಸಿಕ್ಕಿತಲ್ಲ ಅಂತ ಖುಷಿಯೂ ಆಯಿತು. ಅಷ್ಟರಲ್ಲಿ ಅವನೊಳಗೆ ಮಣ್ಣು, ನೂಲು, ಹೊಳೆಯ ಸುಳಿ, ಹೆರಿಗೆ ಮನೆಯ ಗುಟ್ಟು ಎಲ್ಲ ತುಂಬಿದ್ದವು. ಓದುವವರು ಹೆಚ್ಚಾದರು.

ಆಗ ಹೊಳೆಯ ಆಚೆ ದಡದಿಂದ ಒಂದು ಪತ್ರ ಬಂತು. ಬರೆದವನು ಅಲ್ಲಿನ ಅರಸ ಕತ್ತಿಮಲ್ಲ. ಮೂರು ತಲೆಮಾರಿನ ಹಗೆ. ನಿಮ್ಮಲ್ಲಿರುವ ಗುಂಡಭೂಪ ಒಂದು ಪ್ರತಿ, ಹದಿನೈದು ದಿನದ ಮಟ್ಟಿಗೆ ಕಳಿಸಿಕೊಡಿ ಅಂತ ಅಚ್ಚುಕಟ್ಟಾಗಿ ಬರೆದಿದ್ದ.

ಕೊಟ್ಟರೆ ಅರಸನ ತಲೆ ಹೋಗುತ್ತದೆ. ಕೊಡದಿದ್ದರೆ ಪುಸ್ತಕದ ಮನೆ ಹೋಗುತ್ತದೆ. ಯಾಕೆ ಬೇಕು ಅಂತ ಕೇಳುವ ಹಾಗೂ ಇಲ್ಲ. ದೇವೀರಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು ಅತ್ತಳು. "ಇಷ್ಟು ವರ್ಷದಲ್ಲಿ ಇಲ್ಲ ಅಂತ ಒಬ್ಬರಿಗೂ ಅಂದವಳಲ್ಲ ನಾನು. ಈಗ ಹೂಂ ಅನ್ನೋಕೂ ಬಾಯಿ ಬರ್ತಿಲ್ಲ," ಅಂದಳು.

ನಿಂಗಕ್ಕ ಅದನ್ನು ಕೇಳಿಸಿಕೊಂಡಳು. ಒಳಗೆ ಹೋಗಿ ಅರಸನಿಗಾಗಿ ಸರದಿಯ ಪಟ್ಟಿಯಲ್ಲಿ ತನ್ನ ಹೆಸರು ಬರೆಸಿದಳು. ನೇಕಾರ ಬರೆಸಿದ. ಅಂಬಿಗ ಬರೆಸಿದ. ಸಂಜೆಯೊಳಗೆ ನಾಲ್ಕು ಸಾವಿರ ಹೆಸರಾದವು. ಅದರಲ್ಲಿ ಒಂದು ಮೇಕೆಯದು. ತಲೆಗೆ ಹದಿನೈದು ದಿನ ಅಂದರೆ ಕತ್ತಿಮಲ್ಲನ ಸರದಿ ನೂರ ಅರವತ್ನಾಲ್ಕು ವರ್ಷದ ಮೇಲೆ. ದೇವೀರಮ್ಮ ಕಣ್ಣೊರೆಸಿಕೊಂಡು ಸರದಿ ಚೀಟಿ ಕಳಿಸಿದಳು. ಕೈಯಲ್ಲಿ ಚೀಟಿ ಇದ್ದರೆ ಅದು ಬರಿಗೈ ಅಲ್ಲವಲ್ಲ.

ಚೀಟಿ ನೋಡಿ ಕತ್ತಿಮಲ್ಲ ಉರಿದುಬಿದ್ದ. ದೋಣಿ ಹತ್ತಿ ತಾನೇ ಬಂದ. ಮನೆಗೆ ಒಯ್ಯಲು ಸರದಿ ಬರಬೇಕು, ಹಗಲು ಹೊತ್ತು ಇಲ್ಲೇ ಕೂತು ಓದುವುದಾದರೆ ಯಾರ ಅಡ್ಡಿಯೂ ಇಲ್ಲ ಅಂದಳು ದೇವೀರಮ್ಮ. ಕತ್ತಿಯನ್ನು ಕೊಡೆಗಳ ಜೊತೆ ಹೊರಗಿಡಬೇಕು, ಬಾಯಿ ಬಿಡಕೂಡದು, ಪೂರ್ತಿ ಓದದೆ ಯಾವುದನ್ನೂ ಹರಿಯಕೂಡದು ಅಂತ ಬರೆದಿದ್ದ ಹಾಳೆ ಮುಂದಿಟ್ಟಳು. ಅವನೂ ಅರಸನೇ ತಾನೆ, ಓದದೆ ಸಹಿ ಹಾಕಿದ. ಅರಸರ ಸಹಿ ಅಂದರೆ ಮುಗಿಯಿತು, ಅದನ್ನು ಅರಸರೂ ಮೀರುವಂತಿಲ್ಲ.

ಇಬ್ಬರೂ ಎದುರುಬದುರು ಕೂತರು. ಯುದ್ಧ ಸಾರಬೇಕಾದರೆ ಮೂರು ಸಲ ಕೂಗಬೇಕು, ಅದು ಅರಸರ ಪದ್ಧತಿ. ಕತ್ತಿಮಲ್ಲ ಬಾಯಿ ತೆರೆದ. ಕಪಾಟಿನ ಪುಸ್ತಕಗಳೆಲ್ಲ ಒಟ್ಟಿಗೆ ಶ್ ಅಂದವು. ಬಾಯಿ ಮುಚ್ಚಿ ಒಂದು ಚೀಟಿ ತೆಗೆದುಕೊಂಡು ಬರೆದ. "ನಿನ್ನ ತಲೆ ಕಡಿಯಲು ಬಂದಿದ್ದೇನೆ."

ಗುಂಡಭೂಪ ಆ ಚೀಟಿಯನ್ನು ತನ್ನ ಕಡೆ ಎಳೆದುಕೊಂಡ. ಅದರ ಕೆಳಗೆ ಬರೆದ. "ಸಹಿ ಹಾಕಿದ್ದೀಯ. ಮೊದಲು ಪೂರ್ತಿ ಓದು."

ಕತ್ತಿಮಲ್ಲ ಓದಲು ಕೂತ. ಅಂದರೆ ಕೇಳಲು ಕೂತ, ಚೀಟಿಯ ಮೇಲೆ ಚೀಟಿ. ಹಗಲೆಲ್ಲ ಅವನು ಓದಿದ. ಸಂಜೆ ಸರದಿಯವರು ಬಂದು ಗುಂಡಭೂಪನನ್ನು ಮನೆಗೆ ಕರೆದುಕೊಂಡು ಹೋದರು. ಬೆಳಿಗ್ಗೆ ಮತ್ತೆ ತಂದು ಬಿಟ್ಟರು. ಆರನೇ ದಿನ ಕತ್ತಿಮಲ್ಲನಿಗೆ ತಾಳ್ಮೆ ತಪ್ಪಿತು. "ನಿನ್ನಲ್ಲಿ ಒಟ್ಟು ಎಷ್ಟು ಹಾಳೆ ಇವೆ?" ಅಂತ ಬರೆದು ತಳ್ಳಿದ.

ಗುಂಡಭೂಪ ಯೋಚಿಸಿ ಉತ್ತರ ಬರೆದ. "ನಿನ್ನೆ ಸಂಜೆ ಬಡಗಿ ಮನೆಯಲ್ಲಿ ಇನ್ನೂ ಮೂರು ಸೇರಿದವು."

ಕತ್ತಿಮಲ್ಲ ಆ ಚೀಟಿ ಓದಿದ. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಬಡಗಿ ಏನಂದ ಅಂತ ಬರೆದ.

ಅವನು ಇನ್ನೂ ಓದುತ್ತಲೇ ಇದ್ದಾನಂತೆ. ಈ ಕತೆಗೆ ನೀತಿ ಬೇಕು ಅನ್ನುವವರು ದೇವೀರಮ್ಮನ ಹತ್ತಿರ ಹೋಗಿ ಹೆಸರು ಬರೆಸಿ, ಮೇಕೆ ಆದಮೇಲೆ ನಿಮ್ಮ ಸರದಿ. ನನ್ನ ಹತ್ತಿರ ಇದ್ದದ್ದು ಕತೆ, ಕೊಟ್ಟಾಯಿತು, ಹೋಗಿ ಮಲಗಿ.