ಬಣವೆಯ ಮಾಳಿಂಗ ಮತ್ತು ಮೂರು ಕಲ್ಲು

ಬಹಳ ಹಿಂದೆ, ಕಡ್ಲಿಕೊಪ್ಪ ಅಂತ ಒಂದು ಊರಿತ್ತಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಹೇಳಿದ ಅಜ್ಜಿಗೂ ಗೊತ್ತಿರಲಿಲ್ಲ. ಹಳ್ಳದಾಚೆ ಇನ್ನೊಂದು ಊರು, ಎರಡರ ನಡುವೆ ಒಂದು ಕೆರೆ. ಬೇಸಿಗೆಯಲ್ಲಿ ಕೆರೆಯಂಗಳದಲ್ಲಿ ಏಳುವ ಹುಲ್ಲು ಯಾವ ಊರಿನ ದನಕ್ಕೆ ಅನ್ನುವುದು ಚೆಂಡಾಟದಲ್ಲಿ ತೀರ್ಮಾನವಾಗುತ್ತಿತ್ತು. ಜೋಳ ಕೊಯ್ದ ಹೊಲದಲ್ಲಿ ಒಬ್ಬ ತೊಗಲಿನ ಚೆಂಡನ್ನು ದೂರಕ್ಕೆ ಎಸೆಯಬೇಕು. ಅವನ ಕಡೆಯವನೊಬ್ಬ ಎದುರಿನವರ ನಡುವೆ ನುಗ್ಗಿ, ಅದು ನೆಲ ಮುಟ್ಟುವ ಮೊದಲೇ ಹಿಡಿದು, ಕಲ್ಲಿನ ಸಾಲು ದಾಟಬೇಕು.

ಕಡ್ಲಿಕೊಪ್ಪದ ಗೂಳಪ್ಪ ಎಸೆದರೆ ಚೆಂಡು ಹದ್ದಿನ ಎತ್ತರಕ್ಕೆ ಹೋಗುತ್ತಿತ್ತಂತೆ. ಎಸೆಯುವುದೇನೋ ಸರಿ, ಹಿಡಿಯುವವರು ಯಾರು? ಒಬ್ಬನ ಹಲ್ಲು ಉದುರಿತು, ಇನ್ನೊಬ್ಬ ಕಣ್ಣು ಮುಚ್ಚಿಕೊಂಡು ನಿಂತ. ಪ್ರತಿ ವರ್ಷ ಸೋಲು. ಗೂಳಪ್ಪನ ದನಗಳು ಪಕ್ಕೆಲುಬು ಬಿಟ್ಟುಕೊಂಡು, ಆಚೆಯೂರಿನ ದನ ಮೇಯುವುದನ್ನು ನೋಡುತ್ತ ನಿಲ್ಲುತ್ತಿದ್ದವು.

ಹೀಗಿರುವಾಗ ಒಂದು ಸುಗ್ಗಿಯಲ್ಲಿ ಬಣವೆ ಒಟ್ಟುವ ಮಾಳಿಂಗ ಬಂದ. ಊರಿಂದೂರಿಗೆ ಹೋಗಿ ಮೇವಿನ ಬಣವೆ ಒಟ್ಟಿಕೊಡುವುದೇ ಅವನ ಕೆಲಸ. ಅವನಿಗೆ ಊರಿಲ್ಲ, ಮನೆಯಿಲ್ಲ. ಬಣವೆಯ ತುದಿಯಲ್ಲಿ ನಿಂತು, ಕೆಳಗಿನಿಂದ ಎಸೆದ ಮೇವಿನ ಸಿವುಡುಗಳನ್ನು ನೋಡದೆಯೇ ಹಿಡಿಯುತ್ತಿದ್ದನಂತೆ. ಒಮ್ಮೆ ಜಾರಿಬಿದ್ದ ಗುಬ್ಬಿಮರಿಯನ್ನು ಹಿಡಿದನಂತೆ, ತಾನು ಬಿದ್ದದ್ದು ಆ ಮರಿಗೇ ತಿಳಿಯಲಿಲ್ಲವಂತೆ. ಗೂಳಪ್ಪ ತಮಾಷೆಗೆಂದು ಚೆಂಡು ಎಸೆದ. ಮಾಳಿಂಗ ಹಿಡಿದ. ಇನ್ನೂ ಜೋರಾಗಿ ಎಸೆದ. ಅದನ್ನೂ ಹಿಡಿದ. ಅಂದು ಗೂಳಪ್ಪನಿಗಾದ ಸಂತೋಷ ಮಗ ಹುಟ್ಟಿದಾಗಲೂ ಆಗಿರಲಿಲ್ಲ.

ಆದರೆ ಆಟಕ್ಕೊಂದು ಕಟ್ಟಳೆ ಇತ್ತು. ಊರಲ್ಲಿ ಒಲೆ ಇದ್ದವನೇ ಊರಿಗಾಗಿ ಆಡಬೇಕು, ಆಟದ ದಿನ ಆ ಒಲೆಯ ಬೂದಿ ಹಣೆಗೆ ಹಚ್ಚಿಕೊಳ್ಳಬೇಕು. ಹೊರಗಿನವನು ಒಲೆ ಹೂಡಬೇಕಾದರೆ ಊರಿನವನೊಬ್ಬ ತನ್ನ ಒಲೆಯ ಕೆಂಡ ಕೊಡಬೇಕು. ಕೆಂಡ ಕೊಟ್ಟವನು ಅಣ್ಣ, ಇಸಿದುಕೊಂಡವನು ತಮ್ಮ. ತಮ್ಮನಾದ ಮೇಲೆ ಹೊಲದಲ್ಲಿ ಪಾಲು.

ಚಾವಡಿಯಲ್ಲಿ ಊರು ಸೇರಿತು. ಯಾವ ಊರೂ ಇಟ್ಟುಕೊಳ್ಳದವನಲ್ಲಿ ಏನೋ ಐಬು ಇರಬೇಕು ಅಂದರು. ಮರುದಿನ, ಹೀಗೇ ಬಿಟ್ಟರೆ ಆಚೆಯೂರಿನವರು ಒಯ್ದಾರು ಅಂದರು. ಅವನ ಕೈ ಮುಟ್ಟಿ ನೋಡಿದರು, ಸಂತೆಯ ಎತ್ತಿನಂತೆ ಓಡಿಸಿ ನೋಡಿದರು. ಎಲ್ಲರಿಗೂ ಅವನು ಬೇಕು. ಕೆಂಡ ಮಾತ್ರ ಪಕ್ಕದ ಮನೆಯವರು ಕೊಡಲಿ! ಮಾಳಿಂಗನೋ, ಹೊಲದಂಚಿಗೆ ಮೂರು ಕಲ್ಲು ಹೂಡಿ, ಬೆಂಕಿಯಿಲ್ಲದ ಆ ಒಲೆಯ ಮುಂದೆ ಕಾಯುತ್ತ ಕೂತಿದ್ದ.

ಗೂಳಪ್ಪ ಮನೆಯಲ್ಲಿ ಮಾತು ತೆಗೆದ. ಹೆಂಡತಿ ನೀಲವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, “ಕೆಂಡದ ಜೋಡಿ ನಮ್ಮ ಕೆರೀ ಹೊಲಾನೂ ಅರ್ಧ ಹೋಗತೈತಿ. ಮಕ್ಕಳ ಮಾರಿ ನೋಡಿ ಕೊಡ್ರಿ” ಅಂದಳಂತೆ. ಕೊನೆಗೆ ಚಾವಡಿಯಲ್ಲಿ ಊರಗೌಡ, “ಮೊದಲ ಗೆದ್ದು ಕೊಡಲಿ, ಆಮ್ಯಾಲ ಒಲೀ ಮಾತು” ಅಂದ. ಎಲ್ಲರಿಗೂ ಉಸಿರು ಬಂತು.

ಆಟದ ಬೆಳಿಗ್ಗೆ ಗೂಳಪ್ಪ ಯಾರಿಗೂ ಹೇಳದೆ ತನ್ನ ಒಲೆಯ ಬೂದಿ ತಂದು ಮಾಳಿಂಗನ ಹಣೆಗೆ ಬಳಿದ. ಮಾಳಿಂಗ ಅದನ್ನು ಮಾತು ಕೊಟ್ಟಂತೆಯೇ ತಿಳಿದ. ಅವನ ಬಾಯಿಂದ ಒಂದೇ ಮಾತು ಬಂತಂತೆ: “ಅಣ್ಣಾ.”

ಆಟ ಏನು ಹೇಳಲಿ! ಗೂಳಪ್ಪ ಎಸೆದ ಚೆಂಡು ಮೋಡದೊಳಗೆ ಹೋಗಿ ಒದ್ದೆಯಾಗಿ ಇಳಿಯಿತು ಅಂತಾರೆ. ಮಾಳಿಂಗ ಎಲ್ಲರ ತಲೆಯ ಮೇಲೆ ಜಿಗಿದು ಹಿಡಿದು, ಕಲ್ಲಿನ ಸಾಲು ದಾಟಿ ನಿಂತ. ಊರು ಕುಣಿಯಿತು. ಅಷ್ಟರಲ್ಲಿ ಆಚೆಯೂರಿನ ಗೌಡ ಮುಂದೆ ಬಂದ. “ಇವನ ಹಣೀ ಮ್ಯಾಲಿನ ಬೂದಿ ಯಾರ ಒಲೀದು? ಒಲಿ ಇದ್ದಾವ ಬಾಯಿಬಿಟ್ಟು ಹೇಳಲಿ.”

ಗೂಳಪ್ಪ ‘ನಂದು’ ಅಂದಿದ್ದರೆ ಸಾಕಿತ್ತು. ಅವನ ಕಣ್ಣ ಮುಂದೆ ಕೆರೆ ಹೊಲ ಬಂತು, ಅದರ ನಡುವೆ ಹೊಸ ಬದು ಬಂತು. ಅವನು ತಮ್ಮೂರ ಗೌಡನ ಮುಖ ನೋಡಿದ. ಗೌಡ ತನ್ನ ಕಾಲಿನ ಮೆಟ್ಟು ನೋಡಿಕೊಂಡ. ಮಾಳಿಂಗ ಗೂಳಪ್ಪನನ್ನೇ ನೋಡುತ್ತಿದ್ದ. ಕುಣಿದ ಊರು ಒಂದೊಂದೇ ಹೆಜ್ಜೆ ಹಿಂದೆ ಸರಿಯಿತು.

ಏನನ್ನೂ ಕೈಬಿಡದ ಮಾಳಿಂಗ ಅಂದು ಚೆಂಡನ್ನು ನೆಲಕ್ಕೆ ಬಿಟ್ಟ. ಧೋತರದ ಚುಂಗಿನಿಂದ ಹಣೆ ಒರೆಸಿಕೊಂಡು ಹಳ್ಳದ ದಾರಿ ಹಿಡಿದು ಹೋದ. ಮತ್ತೆ ಬರಲಿಲ್ಲ. ಹುಲ್ಲು ಆ ವರ್ಷವೂ ಆಚೆಯೂರಿಗೇ ಹೋಯಿತು. ಗೂಳಪ್ಪ ಕೆಂಡ ಹಿಡಿದು ಅವನ ಹಿಂದೆ ಹಳ್ಳದವರೆಗೆ ಓಡಿದ ಅಂತಾರೆ. ಓಡಲಿಲ್ಲ ಅಂತಲೂ ಅಂತಾರೆ. ಓಡಲಿಲ್ಲ ಅಂತಲೇ ನನ್ನ ಲೆಕ್ಕ.

ಆ ಮೂರು ಕಲ್ಲು ಈಗಲೂ ಹೊಲದಂಚಿಗಿವೆ. ಆಟದ ದಿನ ಮನೆ ಮನೆಯಿಂದ ಕೆಂಡ ತಂದು ಅಲ್ಲಿ ಹಾಕುತ್ತಾರೆ. ಮಾಳಿಂಗನ ಒಲೆ ಅಂತ ಕೈ ಮುಗಿಯುತ್ತಾರೆ. ಈಗ ಕೊಡುವುದಕ್ಕೆ ಯಾರಿಗೂ ಹೆದರಿಕೆಯಿಲ್ಲ, ಪಾಲು ಕೇಳುವವನು ಬರುವುದಿಲ್ಲವಲ್ಲ. ಮೊದಲ ಕೆಂಡ ಯಾರದು ಅಂತ ಪ್ರತಿ ವರ್ಷ ಜಗಳ. ಗೂಳಪ್ಪನ ಮನೆತನದವರು ಯಾರಿಗೂ ಬಿಟ್ಟುಕೊಡುವುದಿಲ್ಲ. “ನಮ್ಮದ ಮೊದಲ ಬೀಳಬೇಕು, ಅಂವ ನಮ್ಮ ಮನೀ ತಮ್ಮ” ಅಂತಾರೆ.